ಲೊಜೇರ್ ಯಾಕೆ ಅಷ್ಟು ಖಾಲಿ?

ಪ್ರಶ್ನೆ: ನನ್ನ ಮಗ ಫ್ರಾನ್ಸಿನ ತುಲೂಸ್‌ನಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ಗೆಳೆಯರ ಜೊತೆ ಲೊಜೇರ್ ಅನ್ನುವ ಡಿಪಾರ್ಟ್‌ಮೆಂಟಿಗೆ ಹೋಗಿ ಬಂದ. ಅರ್ಧ ಗಂಟೆ ಕಾರು ಓಡಿಸಿದರೂ ಒಂದು ಮನೆ ಕಾಣಲಿಲ್ಲವಂತೆ. ಒಂದೇ ದಿನದಲ್ಲಿ ಮೂರು ಬೇರೆ ಬೇರೆ ದೇಶ ನೋಡಿದ ಹಾಗಾಯ್ತು ಅಂದ. ಒಂದು ಊರಿನಲ್ಲಿ ತೋಳದಂಥ ಮೃಗದ ಪ್ರತಿಮೆಯೂ ಇತ್ತಂತೆ. ಅಲ್ಲಿ ಮೊದಲಿಂದಲೂ ಜನ ಇರಲಿಲ್ವಾ? ಡಿಪಾರ್ಟ್‌ಮೆಂಟ್ ಅಂದರೆ ನಮ್ಮ ಜಿಲ್ಲೆಯ ಹಾಗೆಯೇ? ಸ್ವಲ್ಪ ವಿವರವಾಗಿ ಹೇಳಿ. ಮುಂದಿನ ವರ್ಷ ನಾವೂ ಹೋಗೋಣ ಅಂತಿದ್ದೇವೆ.

ಉತ್ತರ: ಜನ ಇದ್ದರು. 1851ರ ಜನಗಣತಿಯಲ್ಲಿ ಲೊಜೇರ್‌ನಲ್ಲಿ 1,44,000ಕ್ಕೂ ಹೆಚ್ಚು ಜನ ಸಿಕ್ಕಿದ್ದರು. ಇವತ್ತು ಅಲ್ಲಿ ಇರುವವರು ಸುಮಾರು 76,000. ಅದೇ ಅವಧಿಯಲ್ಲಿ ಇಡೀ ಫ್ರಾನ್ಸಿನ ಜನಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಲೊಜೇರ್ ಮಾತ್ರ ಅರ್ಧಕ್ಕೆ ಇಳಿಯಿತು. ಹಾಗಾಗಿ ನಿಮ್ಮ ಮಗ ನೋಡಿದ ಖಾಲಿ ಜಾಗ ಮೊದಲಿಂದ ಖಾಲಿ ಇದ್ದದ್ದಲ್ಲ, ಖಾಲಿಯಾದದ್ದು. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡು ಹೋದರೆ ಅಲ್ಲಿ ಕಾಣುವುದೇ ಬೇರೆ. ಕಾಡಿನ ಮಧ್ಯೆ ಒಂದು ಕಲ್ಲಿನ ಗೋಡೆ ಕಂಡರೆ, ಅದು ಒಂದು ಕಾಲದ ಹೊಲದ ಗಡಿ ಅಂತ ಗೊತ್ತಾಗುತ್ತದೆ.

ಲೊಜೇರ್‌ನ ವಿಸ್ತಾರ 5,167 ಚದರ ಕಿಲೋಮೀಟರ್. ನಮ್ಮ ಕೊಡಗಿಗಿಂತ ಸಾಕಷ್ಟು ದೊಡ್ಡದು. ಕೊಡಗು ಕರ್ನಾಟಕದಲ್ಲಿ ಅತಿ ಕಡಿಮೆ ಜನ ಇರುವ ಜಿಲ್ಲೆ. ಅಲ್ಲೇ 2011ರಲ್ಲಿ ಐದೂವರೆ ಲಕ್ಷ ಜನ ಇದ್ದರು. ಲೊಜೇರ್‌ನಲ್ಲಿ ಒಂದು ಚದರ ಕಿಲೋಮೀಟರಿಗೆ ಸಿಗುವುದು ಸುಮಾರು 15 ಜನ. ಫ್ರಾನ್ಸಿನ 101 ಡಿಪಾರ್ಟ್‌ಮೆಂಟುಗಳಲ್ಲಿ ಅತಿ ಕಡಿಮೆ ಜನಸಂಖ್ಯೆ ಇದರದ್ದೇ.

ಡಿಪಾರ್ಟ್‌ಮೆಂಟ್ ಅಂದರೆ ನಮ್ಮ ಕಿವಿಗೆ ಸರ್ಕಾರಿ ಇಲಾಖೆ ಅನಿಸುತ್ತದೆ, ಅಲ್ವಾ? ಫ್ರೆಂಚರಿಗೆ ಅದು ನೆಲದ ಒಂದು ತುಂಡು. ನಮ್ಮ ಜಿಲ್ಲೆಗೆ ಹತ್ತಿರದ್ದು. ಆದರೆ ಹುಟ್ಟಿದ ರೀತಿ ಬೇರೆ. 1789ರ ಕ್ರಾಂತಿಯ ಮೊದಲು ಫ್ರಾನ್ಸ್ ಅಂದರೆ ಹಳೆಯ ಪ್ರಾಂತ್ಯಗಳ ಗೋಜಲು. ಒಂದೊಂದು ಕಡೆ ಒಂದೊಂದು ಕಾನೂನು, ಒಂದೊಂದು ತೆರಿಗೆ, ಒಂದೊಂದು ಅಳತೆ. ಕ್ರಾಂತಿಯ ಸಭೆ ಅದನ್ನೆಲ್ಲ ಅಳಿಸಿ, 1790ರಲ್ಲಿ ದೇಶವನ್ನು 83 ಡಿಪಾರ್ಟ್‌ಮೆಂಟುಗಳಾಗಿ ಹೊಸದಾಗಿ ಹಂಚಿತು. ಹಳೆಯ ದೊರೆಗಳ, ಹಳೆಯ ಪ್ರಾಂತ್ಯಗಳ ಹೆಸರು ಬೇಡ ಅಂದರು. ನದಿ, ಬೆಟ್ಟ, ಸಮುದ್ರದ ಹೆಸರು ಕೊಟ್ಟರು. ಹಾಗೆ ಜೆವೋದಾನ್ ಅನ್ನುವ ಹಳೆಯ ನಾಡಿಗೆ, ಅದರ ದೊಡ್ಡ ಬೆಟ್ಟ ಮೋನ್ ಲೊಜೇರ್‌ನ ಹೆಸರು ಬಂತು. 1800ರಲ್ಲಿ ನೆಪೋಲಿಯನ್ ಪ್ರತಿ ಡಿಪಾರ್ಟ್‌ಮೆಂಟಿಗೂ ಒಬ್ಬ ಪ್ರಿಫೆಕ್ಟ್‌ನನ್ನು ಕೂರಿಸಿದ. ನಮ್ಮ ಜಿಲ್ಲಾಧಿಕಾರಿಯ ಹಾಗೆ ಸರ್ಕಾರ ನೇಮಿಸುವ ಅಧಿಕಾರಿ ಅವನು. ಈಗಲೂ ಇದ್ದಾನೆ. ಆದರೆ 1982ರ ಕಾನೂನಿನ ನಂತರ ಡಿಪಾರ್ಟ್‌ಮೆಂಟಿನ ಆಡಳಿತ, ಅಂದರೆ ರಸ್ತೆ, ಮಾಧ್ಯಮಿಕ ಶಾಲೆ ಕಟ್ಟಡ, ವೃದ್ಧರ ಮತ್ತು ಬಡವರ ನೆರವು, ಚುನಾಯಿತ ಸಭೆಯ ಅಧ್ಯಕ್ಷರ ಕೈಗೆ ಹೋಗಿದೆ. ಡಿಪಾರ್ಟ್‌ಮೆಂಟುಗಳನ್ನು ಅಕಾರಾದಿಯಲ್ಲಿ ಎಣಿಸಿ ನಂಬರ್ ಹಾಕಿದ್ದಾರೆ. ಲೊಜೇರ್‌ನದು 48. ಪಿನ್‌ಕೋಡ್ ಶುರುವಾಗುವುದೂ ಆ ಅಂಕಿಯಿಂದಲೇ.

ರಾಜಧಾನಿ ಮಾಂದ್. ಹನ್ನೆರಡು ಸಾವಿರದ ಆಸುಪಾಸು ಜನ ಇರುವ ಪಟ್ಟಣ. ನಮ್ಮಲ್ಲಿ ತಾಲ್ಲೂಕು ಕೇಂದ್ರಗಳೇ ಇದಕ್ಕಿಂತ ದೊಡ್ಡವು. ಆದರೆ ಅದರ ಚರ್ಚಿನ ಗೋಪುರಗಳು ಊರಿನ ಅಳತೆಗೆ ಮೀರಿ ಎತ್ತರ. ಅದಕ್ಕೊಂದು ಕಾರಣ ಇದೆ. ಗ್ರಿಜಾಕ್ ಅನ್ನುವ ಹತ್ತಿರದ ಕೋಟೆಯಲ್ಲಿ 1310ರಲ್ಲಿ ಹುಟ್ಟಿದ ಗಿಯೋಮ್ ದ ಗ್ರಿಮೋಆರ್, ಐದನೇ ಅರ್ಬನ್ ಅನ್ನುವ ಹೆಸರಿನಲ್ಲಿ ಪೋಪ್ ಆದ. ತನ್ನ ನಾಡಿಗೊಂದು ದೊಡ್ಡ ಚರ್ಚು ಬೇಕು ಅಂತ ಕಟ್ಟಿಸಲು ಶುರು ಮಾಡಿದ. ಅಲ್ಲೊಂದು ಭಾರಿ ಗಂಟೆ ಇತ್ತು. "ಸಾಟಿಯಿಲ್ಲದ್ದು" ಅಂತಲೇ ಅದರ ಹೆಸರು. 1579ರ ಕ್ರಿಸ್‌ಮಸ್ ರಾತ್ರಿ ಮೆರ್ಲ್ ಅನ್ನುವ ಪ್ರಾಟೆಸ್ಟೆಂಟ್ ಸೇನಾನಿ ಊರನ್ನು ಹಿಡಿದ. ಗಂಟೆಯನ್ನು ಕರಗಿಸಿ ಫಿರಂಗಿ ಮಾಡಿಸಿದ. ಉಳಿದದ್ದು ಅದರ ನಾಲಗೆ ಮಾತ್ರ. ಆಳೆತ್ತರಕ್ಕಿಂತ ಉದ್ದ ಇರುವ ಆ ಕಬ್ಬಿಣದ ನಾಲಗೆಯನ್ನು ಚರ್ಚಿನೊಳಗೆ ಈಗಲೂ ನೋಡಬಹುದು.

ಈಗ "ಮೂರು ದೇಶ" ಅಂದದ್ದಕ್ಕೆ ಬರೋಣ. ನಿಮ್ಮ ಮಗ ಚೆನ್ನಾಗಿ ಗಮನಿಸಿದ್ದಾನೆ. ನಿಜವಾಗಿ ನಾಲ್ಕು. ಅದನ್ನು ತೀರ್ಮಾನಿಸುವುದು ಕಲ್ಲು.

ಉತ್ತರದಲ್ಲಿ ಮಾರ್ಜರೀದ್. ಅದು ಗ್ರಾನೈಟ್, ಸುಮಾರು 30 ಕೋಟಿ ವರ್ಷ ಹಳೆಯದು. ಉರುಟು ಬಂಡೆ, ಪೈನ್ ಕಾಡು, ಹುಲ್ಲು, ಚಳಿ. ವಾಯವ್ಯದಲ್ಲಿ ಒಬ್ರಾಕ್. ಅದು ಹಳೆಯ ಜ್ವಾಲಾಮುಖಿಯ ಕಪ್ಪು ಕಲ್ಲು. ಮರವೇ ಇಲ್ಲದ ಎತ್ತರದ ಹುಲ್ಲುಗಾವಲು. ಅಲ್ಲಿನ ಒಬ್ರಾಕ್ ದನಗಳ ಮೈ ಗೋಧಿ ಬಣ್ಣ, ಕಣ್ಣ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಮೇ ತಿಂಗಳ ಕೊನೆಯಲ್ಲಿ ಕೊಂಬಿಗೆ ಹೂವು ಕಟ್ಟಿ, ಗಂಟೆ ಕಟ್ಟಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಊರಿಗೆ ಊರೇ ಹಿಂದೆ ನಡೆಯುತ್ತದೆ.

ನೈರುತ್ಯದಲ್ಲಿ ಕೋಸ್ ಅನ್ನುವ ಸುಣ್ಣದಕಲ್ಲಿನ ಪ್ರಸ್ಥಭೂಮಿಗಳು. ಡೈನೋಸಾರ್‌ಗಳ ಕಾಲದಲ್ಲಿ ಇದು ಸಮುದ್ರದ ತಳ. ನಂತರ ನೆಲ ಮೇಲೆದ್ದಿತು. ನದಿಗಳು ಅದನ್ನು ಚಾಕುವಿನಿಂದ ಕೊಯ್ದ ಹಾಗೆ ಕೊಯ್ದವು. ತಾರ್ನ್ ನದಿಯ ಕಣಿವೆ ಐವತ್ತು ಕಿಲೋಮೀಟರಿಗೂ ಉದ್ದ. ಆಳ 400 ರಿಂದ 600 ಮೀಟರ್. ಮೇಲೆ ನಿಂತರೆ ಬರೀ ಹುಲ್ಲು, ಕಲ್ಲು, ಗಾಳಿ. ಮಳೆ ಬೀಳುತ್ತದೆ, ಆದರೆ ನಿಲ್ಲುವುದಿಲ್ಲ. ಸುಣ್ಣದಕಲ್ಲಿನ ಬಿರುಕಿನಲ್ಲಿ ಇಳಿದು ಕೆಳಗೆ ಎಲ್ಲೋ ಬುಗ್ಗೆಯಾಗಿ ಹೊರಡುತ್ತದೆ. ಹಾಗಾಗಿ ಕುರಿಗಾಹಿಗಳು ತಗ್ಗಿನಲ್ಲಿ ಜೇಡಿಮಣ್ಣು ಮೆತ್ತಿ, ಮೇಲೆ ಕಲ್ಲು ಹಾಸಿ ದುಂಡನೆಯ ಕಟ್ಟೆಗಳನ್ನು ಮಾಡಿದರು. ಅವಕ್ಕೆ ಲಾವೋನ್ಯ್ ಅನ್ನುತ್ತಾರೆ. ಕುರಿ ನೀರು ಕುಡಿಯಲು ಅಷ್ಟೇ ಜಾಗ. ಕುರಿಯ ಹಾಲು ಪಕ್ಕದ ಅವೆರೋನ್ ಡಿಪಾರ್ಟ್‌ಮೆಂಟಿನ ರೋಕ್‌ಫೋರ್ ಚೀಸ್‌ಗೆ ಹೋಗುತ್ತದೆ. ಈ ಪ್ರಸ್ಥಭೂಮಿಗಳಲ್ಲಿ ಒಂದಾದ ಕೋಸ್ ಮೆಜಾನ್‌ನ ವಿಸ್ತಾರ 300 ಚದರ ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಇರುವವರು ಕೆಲವು ನೂರು ಜನ. ನಿಮ್ಮ ಮಗ ಅರ್ಧ ಗಂಟೆ ಮನೆ ಕಾಣದೆ ಹೋದದ್ದು ಬಹುಶಃ ಇಲ್ಲೇ.

ಆಗ್ನೇಯದಲ್ಲಿ ಸೆವೆನ್. ಅದು ಪದರ ಪದರವಾದ ಶಿಸ್ಟ್ ಕಲ್ಲಿನ ಕಡಿದಾದ ಕಣಿವೆಗಳ ನಾಡು. ಅದರ ಬಗ್ಗೆ ಮುಂದೆ ಜಾಸ್ತಿ ಹೇಳುತ್ತೇನೆ. ಈ ಎಲ್ಲದರ ನಡುವೆ ಮೋನ್ ಲೊಜೇರ್. ಅದರ ತುದಿ 1,699 ಮೀಟರ್. ಚಳಿಗಾಲದಲ್ಲಿ ಅಲ್ಲಿ ಹಿಮದ ಬಿರುಗಾಳಿ ಎದ್ದರೆ ಮುಂದೆ ಚಾಚಿದ ಕೈಯೂ ಕಾಣುವುದಿಲ್ಲ. ಆ ಗಾಳಿಗೆ ತುರ್ಮಾಂತ್ ಅಂತ ಹೆಸರು. ಬೆಟ್ಟದ ಹಳ್ಳಿಗಳಲ್ಲಿ ಚರ್ಚು ಇಲ್ಲದ ಕಡೆಯೂ ಒಂದು ಪುಟ್ಟ ಕಲ್ಲಿನ ಗಂಟೆಗೋಪುರ ಕಾಣುತ್ತದೆ. ತುರ್ಮಾಂತ್ ಬೀಸುವಾಗ ಹಳ್ಳಿಯವರು ಸರದಿಯಲ್ಲಿ ಅದನ್ನು ಬಾರಿಸುತ್ತಿದ್ದರು. ದಾರಿ ತಪ್ಪಿದವರು ಸದ್ದು ಹಿಡಿದು ಬರಲಿ ಅಂತ. ನನಗೆ ಇಡೀ ಲೊಜೇರ್‌ನಲ್ಲಿ ಅತಿ ಇಷ್ಟವಾದ ಕಟ್ಟಡಗಳು ಇವೇ. ಪೋಪ್ ಕಟ್ಟಿಸಿದ ಚರ್ಚಿಗಿಂತಲೂ.

ಇನ್ನೊಂದು ಸಂಗತಿ ಭೂಪಟ ನೋಡಿದರೆ ತಟ್ಟನೆ ಕಾಣುತ್ತದೆ. ಹೊರಗಿನಿಂದ ಯಾವ ನದಿಯೂ ಲೊಜೇರ್‌ಗೆ ಹರಿದು ಬರುವುದಿಲ್ಲ. ಎಲ್ಲ ಇಲ್ಲಿ ಹುಟ್ಟಿ ಹೊರಗೆ ಹೋಗುತ್ತವೆ. ತಾರ್ನ್, ಲೊಟ್, ಅಲ್ಯೇ ನದಿಗಳು ಪಶ್ಚಿಮಕ್ಕೂ ಉತ್ತರಕ್ಕೂ ಹೋಗಿ ಕೊನೆಗೆ ಅಟ್ಲಾಂಟಿಕ್ ಸೇರುತ್ತವೆ. ಗಾರ್ದೋನ್, ಸೇಜ್, ಶಸೆಜಾಕ್ ಪೂರ್ವಕ್ಕೆ ಇಳಿದು ಮೆಡಿಟರೇನಿಯನ್ ಸೇರುತ್ತವೆ. ಪಕ್ಕಪಕ್ಕದ ಎರಡು ಇಳಿಜಾರಿನ ನೀರು ಎರಡು ಸಮುದ್ರಕ್ಕೆ ಹೋಗುತ್ತದೆ. ಶರತ್ಕಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ತೇವದ ಗಾಳಿ ಸೆವೆನ್ ಬೆಟ್ಟಕ್ಕೆ ಬಡಿದು, ಒಂದೆರಡು ದಿನದಲ್ಲೇ ತಿಂಗಳುಗಟ್ಟಲೆಯ ಮಳೆ ಸುರಿಸಿಬಿಡುತ್ತದೆ. ಬೆಟ್ಟದ ಬುಡದ ಊರುಗಳು ಆಗ ಮುಳುಗುತ್ತವೆ.

ಈಗ ಆ ಮೃಗ. ನಿಮ್ಮ ಮಗ ನೋಡಿದ್ದು ಮಾರ್ವೆಜೋಲ್ ಊರಿನ ಪ್ರತಿಮೆ ಇರಬೇಕು. 1764ರ ಬೇಸಿಗೆಯಲ್ಲಿ ಲಾಂಗೋನ್ಯ ಹತ್ತಿರದ ಒಂದು ಹಳ್ಳಿಯಲ್ಲಿ ಜಾನ್ ಬೂಲೆ ಅನ್ನುವ 14 ವರ್ಷದ ಹುಡುಗಿ ದನ ಕಾಯುವಾಗ ಒಂದು ಮೃಗಕ್ಕೆ ಬಲಿಯಾದಳು. ಅಲ್ಲಿಂದ ಮೂರು ವರ್ಷ, ಒಂದಾದ ಮೇಲೆ ಒಂದು ಸಾವು. ಒಟ್ಟು ಸುಮಾರು ನೂರು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು, ಹೆಂಗಸರು. ಯಾಕೆಂದರೆ ದನ, ಕುರಿ ಕಾಯುತ್ತಿದ್ದವರು ಅವರೇ. ಬಯಲಿನಲ್ಲಿ ಒಬ್ಬೊಬ್ಬರೇ, ಕೈಯಲ್ಲಿ ಕೋಲು ಬಿಟ್ಟರೆ ಏನೂ ಇಲ್ಲ. 1765ರ ಜನವರಿಯಲ್ಲಿ ಜಾಕ್ ಪೋರ್ತ್‌ಫೇ ಅನ್ನುವ ಹುಡುಗ ತನ್ನ ಜೊತೆಯ ಆರು ಮಕ್ಕಳನ್ನು ಒಟ್ಟು ಸೇರಿಸಿ, ಕೋಲಿಗೆ ಸಿಕ್ಕಿಸಿದ ಚೂರಿಯಿಂದ ಮೃಗವನ್ನು ಹಿಮ್ಮೆಟ್ಟಿಸಿದ. ಸುದ್ದಿ ದೊರೆಯ ಅರಮನೆ ಇದ್ದ ವರ್ಸೇಲ್ಸ್‌ವರೆಗೆ ಹೋಯಿತು. ಹದಿನೈದನೇ ಲೂಯಿ ಆ ಮಕ್ಕಳಿಗೆ ಹಣ ಕೊಟ್ಟ. ಪೋರ್ತ್‌ಫೇಯ ಓದಿನ ಖರ್ಚನ್ನೂ ವಹಿಸಿಕೊಂಡ.

ದೊರೆ ಸೈನಿಕರನ್ನು ಕಳಿಸಿದ, ಬೇಟೆಗಾರರನ್ನು ಕಳಿಸಿದ, ಕೊನೆಗೆ ತನ್ನ ಸ್ವಂತ ಕೋವಿ ಅಧಿಕಾರಿ ಆಂಟ್ವಾನ್‌ನನ್ನೇ ಕಳಿಸಿದ. ಅವನು 1765ರ ಸೆಪ್ಟೆಂಬರಿನಲ್ಲಿ ಒಂದು ದೊಡ್ಡ ತೋಳ ಕೊಂದ. ಅದನ್ನು ಅರಮನೆಗೆ ಒಯ್ದರು. ಕತೆ ಮುಗಿಯಿತು ಅಂತ ಸಾರಿದರು. ಆದರೆ ಕೆಲವೇ ತಿಂಗಳಲ್ಲಿ ಸಾವು ಮತ್ತೆ ಶುರುವಾಯಿತು. ಅರಮನೆ ಈ ಸಲ ಕಿವಿಗೊಡಲಿಲ್ಲ. 1767ರ ಜೂನ್ 19ರಂದು ಊರಿನವನೇ ಆದ ಜಾನ್ ಶಾಸ್ತೆಲ್ ಇನ್ನೊಂದು ಪ್ರಾಣಿಯನ್ನು ಹೊಡೆದ. ಸಾವು ಅಲ್ಲಿಗೆ ನಿಂತಿತು.

ಅದು ಏನು ಪ್ರಾಣಿ? ಕತ್ತೆಕಿರುಬ ಅಂದವರಿದ್ದಾರೆ, ಹುಚ್ಚು ಮನುಷ್ಯನ ಕೈವಾಡ ಅಂದವರಿದ್ದಾರೆ. ತೋಳ, ಅಥವಾ ತೋಳ ನಾಯಿಗಳ ಬೆರಕೆ, ಬಹುಶಃ ಒಂದಕ್ಕಿಂತ ಹೆಚ್ಚು, ಅನ್ನುವುದು ನನಗೆ ಸರಿ ಕಾಣುತ್ತದೆ. ಆದರೆ ನನ್ನನ್ನು ಕಾಡುವುದು ಮೃಗ ಅಲ್ಲ. ಮೂರು ವರ್ಷ ಭಯದಲ್ಲಿ ಬದುಕಿದರೂ ಆ ಮಕ್ಕಳು ಮಾರನೆಯ ದಿನ ಮತ್ತೆ ದನ ಹೊಡೆದುಕೊಂಡು ಹೋದರಲ್ಲ, ಅದು. ಹೋಗದಿದ್ದರೆ ಮನೆಯಲ್ಲಿ ಊಟ ಇರುತ್ತಿರಲಿಲ್ಲ. ಅಂದಹಾಗೆ, ಶಾಸ್ತೆಲ್ ಗುಂಡು ಹೊಡೆದ ಜಾಗ ಇವತ್ತು ಲೊಜೇರ್‌ನಲ್ಲಿ ಇಲ್ಲ. 1790ರಲ್ಲಿ ಗಡಿ ಎಳೆಯುವಾಗ ಜೆವೋದಾನ್‌ನ ಸೋಗ್ ಸೀಮೆಯನ್ನು ಪಕ್ಕದ ಓತ್-ಲ್ವಾರ್‌ಗೆ ಕೊಟ್ಟರು. ಮೃಗದ ಕತೆ ಎರಡು ಡಿಪಾರ್ಟ್‌ಮೆಂಟಿಗೆ ಹಂಚಿಹೋಯಿತು. ಈಗ ಎರಡೂ ಕಡೆ ಪ್ರತಿಮೆ ಇದೆ.

ಇದಕ್ಕಿಂತ ಆರು ದಶಕ ಮೊದಲು ದಕ್ಷಿಣದ ಸೆವೆನ್ ಕಣಿವೆಗಳಲ್ಲಿ ಇನ್ನೂ ದೊಡ್ಡ ನೋವು ನಡೆದಿತ್ತು. ಅಲ್ಲಿನವರು ಪ್ರಾಟೆಸ್ಟೆಂಟರು. ಉತ್ತರದವರು ಕ್ಯಾಥೊಲಿಕರು. 1685ರಲ್ಲಿ ಹದಿನಾಲ್ಕನೇ ಲೂಯಿ ಪ್ರಾಟೆಸ್ಟೆಂಟ್ ಧರ್ಮವನ್ನೇ ನಿಷೇಧಿಸಿದ. ಚರ್ಚುಗಳನ್ನು ಕೆಡವಿದರು, ಪಾದ್ರಿಗಳು ದೇಶ ಬಿಟ್ಟರು. ಜನ ಗುಟ್ಟಾಗಿ ಗುಡ್ಡದ ಮೇಲೆ, ಗುಹೆಯಲ್ಲಿ ಸೇರಿ ಪ್ರಾರ್ಥನೆ ಮಾಡಿದರು. ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಕಳಿಸಿದರು. 1702ರ ಜುಲೈ 24ರ ರಾತ್ರಿ ಪೋನ್-ದ-ಮೋನ್ವೇರ್ ಊರಿನಲ್ಲಿ ಒಂದು ಗುಂಪು, ಸೆರೆ ಸಿಕ್ಕ ತಮ್ಮವರನ್ನು ಬಿಡಿಸಲು ಹೋಗಿ, ಅವರನ್ನು ಹಿಂಸಿಸುತ್ತಿದ್ದ ಪಾದ್ರಿ ದ್ಯು ಶೇಲಾನನ್ನು ಕೊಂದಿತು. ಹಾಗೆ ಕಮಿಸಾರ್ ದಂಗೆ ಶುರುವಾಯಿತು. ಬಂಡೆದ್ದವರು ಕುರಿ ಕಾಯುವವರು, ಉಣ್ಣೆ ಹಿಂಜುವವರು, ರೊಟ್ಟಿ ಸುಡುವವರು. ಅವರ ಹೆಸರಾಂತ ನಾಯಕ ಜಾನ್ ಕವಾಲ್ಯೇ ರೊಟ್ಟಿ ಅಂಗಡಿಯಲ್ಲಿ ಕೆಲಸ ಕಲಿತವನು. ಆಗ ಅವನಿಗೆ ಇಪ್ಪತ್ತರ ಆಸುಪಾಸು. ದೊರೆಯ ಸೈನ್ಯಕ್ಕೆ ಅವರನ್ನು ಹಿಡಿಯಲು ಆಗಲಿಲ್ಲ. ಹಾಗಾಗಿ 1703ರ ಶರತ್ಕಾಲದಲ್ಲಿ ಅವರಿಗೆ ಅನ್ನ ಕೊಡುತ್ತಿದ್ದ 400ಕ್ಕೂ ಹೆಚ್ಚು ಊರು, ಕೇರಿಗಳನ್ನು ನಾಶ ಮಾಡಿದರು. ಮರುವರ್ಷ ದಂಗೆ ಅಡಗಿತು. ಧರ್ಮ ಅಡಗಲಿಲ್ಲ. ಪ್ರಾಟೆಸ್ಟೆಂಟರಿಗೆ ಸ್ಮಶಾನದಲ್ಲಿ ಜಾಗ ಇಲ್ಲ ಅಂದದ್ದಕ್ಕೆ, ಅವರು ತಮ್ಮವರನ್ನು ಮನೆಯ ಪಕ್ಕದ ಹೊಲದಲ್ಲೇ ಹೂತರು. ಆ ರೂಢಿ ಇನ್ನೂ ಉಳಿದಿದೆ. ಸೆವೆನ್ ಹಳ್ಳಿಗಳಲ್ಲಿ ಮನೆಯ ಹಿತ್ತಲಲ್ಲಿ ಒಂದೆರಡು ಸಮಾಧಿ ಕಂಡರೆ ಕಾರಣ ಇದು.

ಇಂಥ ಕಡಿದಾದ ಕಣಿವೆಯಲ್ಲಿ ಅಷ್ಟು ಜನ ಏನು ತಿಂದು ಬದುಕಿದರು? ಖಾಲಿಯಾದ ಕತೆಯ ಬೇರು ಇಲ್ಲಿದೆ. ಎರಡು ಮರ. ಮೊದಲನೆಯದು ಚೆಸ್ಟ್‌ನಟ್. ಅದಕ್ಕೆ ಅವರು ಇಟ್ಟ ಹೆಸರು "ರೊಟ್ಟಿಯ ಮರ". ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ, ಮಳೆಗೆ ಕೊಚ್ಚಿಹೋದ ಮಣ್ಣನ್ನು ಬುಟ್ಟಿಯಲ್ಲಿ ಮತ್ತೆ ಮೇಲೆ ಹೊತ್ತು ಆ ತೋಟಗಳನ್ನು ಉಳಿಸಿಕೊಂಡರು. ಕಾಯಿ ಬಿದ್ದ ಮೇಲೆ ಸಣ್ಣ ಕಲ್ಲಿನ ಗುಡಿಸಿಲಿನ ಅಟ್ಟದಲ್ಲಿ ಹರಡಿ, ಕೆಳಗೆ ವಾರಗಟ್ಟಲೆ ಸಣ್ಣ ಬೆಂಕಿಯ ಹೊಗೆ ಹಾಕಿ ಒಣಗಿಸುತ್ತಿದ್ದರು. ವರ್ಷವಿಡೀ ಅದೇ ಗಂಜಿ.

ಎರಡನೆಯದು ಹಿಪ್ಪುನೇರಳೆ. ಹೌದು, ನಮ್ಮ ರಾಮನಗರ, ಕೋಲಾರದ ರೈತರು ಬೆಳೆಯುವ ಅದೇ ಹಿಪ್ಪುನೇರಳೆಯ ಜಾತಿ. 1709ರ ಭೀಕರ ಚಳಿಗೆ ಚೆಸ್ಟ್‌ನಟ್ ಮರಗಳು ಸತ್ತ ಮೇಲೆ ಸೆವೆನ್‌ನಲ್ಲಿ ಇದನ್ನು ಹೆಚ್ಚೆಚ್ಚು ನೆಟ್ಟರು. ಅದಕ್ಕೆ "ಚಿನ್ನದ ಮರ" ಅಂತ ಹೆಸರು ಬಂತು. ಪ್ರತಿ ಮನೆಗೂ ಹುಳು ಸಾಕಲು ಉದ್ದನೆಯ, ಎತ್ತರದ ಕಲ್ಲಿನ ಮನೆ. ಮೂಲೆ ಮೂಲೆಯಲ್ಲಿ ಬೆಂಕಿಗೂಡು. ಹೆಂಗಸರು ರೇಷ್ಮೆ ಮೊಟ್ಟೆಗಳನ್ನು ಬಟ್ಟೆಯ ಚೀಲದಲ್ಲಿ ಲಂಗದ ಒಳಗೆ ಕಟ್ಟಿಕೊಂಡು ಮೈಯ ಕಾವಿನಲ್ಲಿ ಒಡೆಸುತ್ತಿದ್ದರು. ಗೂಡು ಕಟ್ಟಲು ನಮ್ಮಲ್ಲಿ ಬಿದಿರಿನ ಚಂದ್ರಿಕೆ ಇದ್ದ ಹಾಗೆ, ಅಲ್ಲಿ ಹೀದರ್ ಗಿಡದ ಒಣ ರೆಂಬೆ ನಿಲ್ಲಿಸುತ್ತಿದ್ದರು. ಮನೆಗೆ ನಗದು ಹಣ ಬರುತ್ತಿದ್ದದ್ದು ಇದೊಂದರಿಂದಲೇ.

1853ರಲ್ಲಿ ಇಡೀ ಫ್ರಾನ್ಸಿನಲ್ಲಿ 26,000 ಟನ್ ಗೂಡು ಬಂತು. ಅದೇ ತುದಿ. ಆಗಲೇ ಪೆಬ್ರಿನ್ ಅನ್ನುವ ರೋಗ ಹಬ್ಬುತ್ತಿತ್ತು. ನಮ್ಮ ರೇಷ್ಮೆ ರೈತರು ಗಂಟುರೋಗ ಅನ್ನುವುದು ಇದನ್ನೇ. ಹುಳುವಿನ ಮೈಮೇಲೆ ಮೆಣಸಿನಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಸೆವೆನ್ ಭಾಷೆಯಲ್ಲಿ ಮೆಣಸಿಗೆ ಪೆಬ್ರೆ, ಹೆಸರು ಬಂದದ್ದು ಅಲ್ಲಿಂದ. ಹನ್ನೆರಡು ವರ್ಷದಲ್ಲಿ ಇಳುವರಿ ಸಣ್ಣ ಪಾಲಿಗೆ ಕುಸಿಯಿತು. ಆಗ ಸರ್ಕಾರ ಲೂಯಿ ಪಾಶ್ಚರ್‌ನನ್ನು ಕಳಿಸಿತು. ಅವನು 1865ರಿಂದ 1869ರವರೆಗೆ, ಬೆಟ್ಟದ ಬುಡದ ಅಲೇಸ್ ಊರಿಗೆ ಮತ್ತೆ ಮತ್ತೆ ಬಂದು ಕೆಲಸ ಮಾಡಿದ. ರೋಗ ತಾಯಿಯಿಂದ ಮೊಟ್ಟೆಗೆ ಹೋಗುತ್ತದೆ ಅಂತ ತೋರಿಸಿದ. ಪರಿಹಾರ ಸರಳ. ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಡುವುದು. ಇವತ್ತು ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ರೋಗರಹಿತ ಮೊಟ್ಟೆ ಅಂತ ಕೊಡುತ್ತಾರಲ್ಲ, ಅದರ ಹಿಂದೆ ಇರುವುದು ಇದೇ ತಾಯಿ ಚಿಟ್ಟೆ ಪರೀಕ್ಷೆ. ಸೆವೆನ್ ರೈತರ ಕಷ್ಟದಿಂದ ಹುಟ್ಟಿದ ವಿದ್ಯೆ ನಮ್ಮ ಮನೆಗಳಿಗೆ ಹೀಗೆ ಬಂತು.

ಆದರೆ ಸೆವೆನ್‌ಗೆ ಅದು ತಡವಾಗಿ ಸಿಕ್ಕಿತು. 1869ರಲ್ಲೇ ಸೂಯೆಜ್ ಕಾಲುವೆ ತೆರೆಯಿತು. ಚೀನಾ, ಜಪಾನಿನ ಅಗ್ಗದ ರೇಷ್ಮೆ ಹಡಗಿನಲ್ಲಿ ಬಂತು. ನಂತರ ಕೃತಕ ರೇಷ್ಮೆ ಬಂತು. ಚೆಸ್ಟ್‌ನಟ್ ಮರಗಳಿಗೆ ಬೇರು ಕಪ್ಪಾಗುವ ರೋಗ ತಗುಲಿತು. ಉಳಿದ ಮರಗಳನ್ನು ಚರ್ಮ ಹದ ಮಾಡುವ ಟ್ಯಾನಿನ್‌ಗಾಗಿ ಕಡಿದು ಮಾರಿದರು. 1870ರಲ್ಲಿ ಲಾಂಗೋನ್ಯ, ವಿಲ್‌ಫೋರ್ ಊರುಗಳ ಮೂಲಕ ರೈಲು ದಾರಿ ಪೂರ್ತಿಯಾಯಿತು. ಸಾಮಾನು ತರಬೇಕಾದ ರೈಲು ಜನರನ್ನು ಹೊತ್ತುಕೊಂಡು ಹೋಯಿತು. ಕೆಲವರು ಅಲೇಸ್‌ನ ಕಲ್ಲಿದ್ದಲು ಗಣಿಗೆ, ಕೆಲವರು ಕೆಳಗಿನ ದ್ರಾಕ್ಷಿ ತೋಟಗಳಿಗೆ, ಒಬ್ರಾಕ್‌ನವರು ಪ್ಯಾರಿಸಿಗೆ ಕಲ್ಲಿದ್ದಲು ಮಾರಲು, ಕಾಫಿ ಅಂಗಡಿ ಇಡಲು. ಮೊದಲ ಮಹಾಯುದ್ಧ ಉಳಿದ ಹುಡುಗರಲ್ಲಿ ಅನೇಕರನ್ನು ನುಂಗಿತು. ಎಷ್ಟೋ ಹಳ್ಳಿಗಳಲ್ಲಿ ಯುದ್ಧ ಸ್ಮಾರಕದ ಮೇಲಿನ ಹೆಸರುಗಳನ್ನು ಓದಿದರೆ, ಈಗ ಅಲ್ಲಿ ಅಷ್ಟು ಜನವೇ ಇಲ್ಲ ಅನಿಸುತ್ತದೆ. ಒಂದು ಸಲ ಸೆವೆನ್‌ನ ಒಂದು ಪಾಳು ಮನೆಯ ಮುಂದೆ ಇನ್ನೂ ಚಿಗುರುತ್ತಿದ್ದ ಮುದಿ ಹಿಪ್ಪುನೇರಳೆ ಮರ ನೋಡಿದೆ. ತುಂಬ ಹೊತ್ತು ಅಲ್ಲೇ ಕೂತಿದ್ದೆ.

ಖಾಲಿಯಾದ ನಾಡಿಗೆ ಇಪ್ಪತ್ತನೇ ಶತಮಾನದಲ್ಲಿ ಬೇರೆ ಬಗೆಯ ಜನ ಬಂದರು. ಕೆಲವರನ್ನು ಬಲವಂತವಾಗಿ ತಂದರು. 1939ರ ಜನವರಿಯಲ್ಲಿ ಮಾಂದ್ ಪಕ್ಕದ ರಿಯೂಕ್ರೋಸ್‌ನಲ್ಲಿ "ಬೇಡದ ವಿದೇಶಿಯರನ್ನು" ಕೂಡಿಡುವ ಶಿಬಿರ ತೆರೆದರು. ನಂತರ ಅದು ಹೆಂಗಸರ ಶಿಬಿರವಾಯಿತು. ತಾಯಿಯ ಜೊತೆ ಅಲ್ಲಿದ್ದ ಒಬ್ಬ ಹುಡುಗ ಮಾಂದ್‌ನ ಶಾಲೆಗೆ ನಡೆದು ಹೋಗುತ್ತಿದ್ದ. ಅವನ ಹೆಸರು ಅಲೆಕ್ಸಾಂಡರ್ ಗ್ರೋತೆಂಡೀಕ್. ಮುಂದೆ ಇಪ್ಪತ್ತನೇ ಶತಮಾನದ ಅತಿ ದೊಡ್ಡ ಗಣಿತಜ್ಞರಲ್ಲಿ ಒಬ್ಬನಾದ.

ಮಾರ್ಜರೀದ್‌ನ ಸೇಂತ್-ಆಲ್ಬಾನ್‌ನಲ್ಲಿ ಹಳೆಯ ಕೋಟೆಯೊಳಗೆ ಶುರುವಾದ ಒಂದು ಮಾನಸಿಕ ಆಸ್ಪತ್ರೆ ಇದೆ. ಯುದ್ಧದ ವರ್ಷಗಳಲ್ಲಿ ಫ್ರಾನ್ಸಿನ ಇಂಥ ಆಸ್ಪತ್ರೆಗಳಲ್ಲಿ 40,000ಕ್ಕೂ ಹೆಚ್ಚು ರೋಗಿಗಳು ಹಸಿವು, ನಿರ್ಲಕ್ಷ್ಯದಿಂದ ಸತ್ತರು. ಸೇಂತ್-ಆಲ್ಬಾನ್ ಬೇರೆ ದಾರಿ ಹಿಡಿಯಿತು. ಸ್ಪೇನಿನಿಂದ ಓಡಿಬಂದ ಕತಲಾನ್ ವೈದ್ಯ ಫ್ರಾನ್ಸೆಸ್ಕ್ ತೊಸ್ಕೆಲ್ಸ್ 1940ರಲ್ಲಿ ಅಲ್ಲಿಗೆ ಬಂದ. ರೋಗಿಗಳು ಊರಿನ ಹೊಲಗಳಲ್ಲಿ ರೈತರ ಜೊತೆ ದುಡಿದರು. ಬದಲಿಗೆ ಆಲೂಗಡ್ಡೆ, ಬೆಣ್ಣೆ ಸಿಕ್ಕಿತು. ಬೆಟ್ಟದಲ್ಲಿ ಅಣಬೆ ಹುಡುಕಿದರು. ಅವರು ಮಾಡಿದ ಸಾಮಾನು ಮಾರಾಟವಾಯಿತು. ಆಸ್ಪತ್ರೆಯ ಗೋಡೆಯನ್ನೂ ಕೆಡವಿದರು. ಅದೇ ಕಾಲದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡವರನ್ನೂ ಅಲ್ಲಿ ಅಡಗಿಸಿಟ್ಟರು. ಕವಿ ಪಾಲ್ ಎಲುವಾರ್ 1943-44ರ ಚಳಿಗಾಲ ಅಲ್ಲಿ ಕಳೆದ. ಯುದ್ಧದ ನಂತರ, ವಸಾಹತುಶಾಹಿಯ ವಿರುದ್ಧ ಬರೆದು ಹೆಸರಾದ ಮನೋವೈದ್ಯ ಫ್ರಾಂಟ್ಸ್ ಫನೋನ್ ಅಲ್ಲೇ ತರಬೇತಿ ಪಡೆದ. ರೋಗಿಗೆ ಚಿಕಿತ್ಸೆ ಕೊಡುವ ಮೊದಲು ಆಸ್ಪತ್ರೆಗೇ ಚಿಕಿತ್ಸೆ ಬೇಕು ಅನ್ನುವ ವಿಚಾರ ಇಲ್ಲಿಂದ ಹೊರಟು ಫ್ರಾನ್ಸಿನ ಮನೋವೈದ್ಯವನ್ನೇ ಬದಲಿಸಿತು. ಅಂಗವಿಕಲರನ್ನು, ಬುದ್ಧಿಮಾಂದ್ಯರನ್ನು ನೋಡಿಕೊಳ್ಳುವ ಕೆಲಸ ಇವತ್ತಿಗೂ ಲೊಜೇರ್‌ನಲ್ಲಿ ದೊಡ್ಡ ಉದ್ಯೋಗ. ಜೆವೋದಾನ್ ಅಂದರೆ ಎಲ್ಲರೂ ಮೃಗವನ್ನು ನೆನೆಯುತ್ತಾರೆ. ನಾನಾದರೆ ಈ ಆಸ್ಪತ್ರೆಯನ್ನು ಮೊದಲು ನೆನೆಯುತ್ತೇನೆ.

1970ರಲ್ಲಿ ಸೆವೆನ್ ರಾಷ್ಟ್ರೀಯ ಉದ್ಯಾನ ಆಯಿತು. ಕಚೇರಿ ಫ್ಲೊರಾಕ್‌ನಲ್ಲಿ. ಅದರ ಒಳಭಾಗದಲ್ಲೂ ಜನ ವಾಸ ಮಾಡುತ್ತಾರೆ, ಕೃಷಿ ಮಾಡುತ್ತಾರೆ. ಯಾರನ್ನೂ ಎಬ್ಬಿಸಲಿಲ್ಲ. ಯಾಕೆಂದರೆ ಉಳಿಸಬೇಕಾದದ್ದೇ ಕುರಿ ಮೇಯಿಸಿ ಮನುಷ್ಯರು ರೂಪಿಸಿದ ನೆಲ. 2011ರಲ್ಲಿ ಯುನೆಸ್ಕೊ ಕೋಸ್ ಮತ್ತು ಸೆವೆನ್‌ಗೆ ವಿಶ್ವ ಪರಂಪರೆಯ ಪಟ್ಟ ಕೊಟ್ಟದ್ದೂ ಕುರಿಗಾಹಿಗಳ ನಾಡು ಅನ್ನುವ ಕಾರಣಕ್ಕೇ. ಕಾಣೆಯಾಗಿದ್ದ ರಣಹದ್ದುಗಳನ್ನು 1980ರ ದಶಕದಲ್ಲಿ ಜೋಂತ್ ಕಣಿವೆಗೆ ಮತ್ತೆ ತಂದು ಬಿಟ್ಟರು. ಈಗ ಅವು ನೂರಾರು. ಕೋಸ್ ಮೆಜಾನ್‌ನಲ್ಲಿ 1993ರಿಂದ ಮಂಗೋಲಿಯದ ಕಾಡುಕುದುರೆಗಳನ್ನು ಸಾಕಿ, ಅವುಗಳಲ್ಲಿ ಕೆಲವನ್ನು ವಾಪಸ್ ಮಂಗೋಲಿಯಕ್ಕೂ ಕಳಿಸಿದ್ದಾರೆ. ಜನಸಂಖ್ಯೆಯೂ 1990ರ ಸುಮಾರಿಗೆ 73,000ದ ಹತ್ತಿರ ತಳ ಮುಟ್ಟಿ, ಅಲ್ಲಿಂದ ನಿಧಾನಕ್ಕೆ ಸ್ವಲ್ಪ ಏರಿದೆ.

ನೀವು ಹೋಗುವುದಾದರೆ ಒಂದೆರಡು ಮಾತು. ತುಲೂಸ್‌ನಿಂದ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ರೈಲು, ಬಸ್ಸು ತುಂಬ ಕಡಿಮೆ. ಮೇ ಕೊನೆ ಅಥವಾ ಸೆಪ್ಟೆಂಬರ್ ಒಳ್ಳೆಯದು. ಅಕ್ಟೋಬರಿನಲ್ಲಿ ಸೆವೆನ್ ಕಡೆ ಮಳೆಯ ಎಚ್ಚರಿಕೆ ನೋಡಿಕೊಂಡು ಹೊರಡಿ. ಕೋಸ್ ಮೇಲೆ ನಡೆಯುವಾಗ ನೀರು ಜೊತೆಗೇ ಇರಲಿ, ದಾರಿಯಲ್ಲಿ ಸಿಗುವುದಿಲ್ಲ. ಅಲ್ಲೇ ಆವೆನ್ ಅರ್ಮಾನ್ ಗುಹೆ ಇದೆ. 1897ರಲ್ಲಿ ಲೂಯಿ ಅರ್ಮಾನ್ ಅನ್ನುವ ಕಮ್ಮಾರ ಹಗ್ಗ ಹಿಡಿದು ಮೊದಲು ಇಳಿದದ್ದು. ಒಳಗೆ 400ರಷ್ಟು ಸುಣ್ಣದ ಕಂಬಗಳಿವೆ, ಅತಿ ಎತ್ತರದ್ದು 30 ಮೀಟರ್. ನೀವು ಸಸ್ಯಾಹಾರಿಗಳಾದರೆ ಒಬ್ರಾಕ್‌ನಲ್ಲಿ ಅಲಿಗೋ ಕೇಳಿ. ಆಲೂಗಡ್ಡೆಯನ್ನು ಎಳೆ ಚೀಸ್ ಜೊತೆ ನಾದಿದ್ದು, ಸೌಟು ಎತ್ತಿದರೆ ಮಾರುದ್ದ ಎಳೆ ಬರುತ್ತದೆ. ಸಾಸೇಜ್ ಬೇಡ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಜೊತೆಗೆ ಬಡಿಸುತ್ತಾರೆ. ಒಂದು ರಾತ್ರಿಯಾದರೂ ಮೋನ್ ಲೊಜೇರ್‌ನ ಹಳ್ಳಿಯಲ್ಲಿ ಉಳಿಯಿರಿ. ಈ ಉದ್ಯಾನಕ್ಕೆ 2018ರಲ್ಲಿ ಕತ್ತಲ ಆಕಾಶದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಅಮಾವಾಸ್ಯೆಯ ಆಸುಪಾಸು ಹೋದರೆ ಆಕಾಶಗಂಗೆ ಬರಿಗಣ್ಣಿಗೇ ಅಂಚಿನಿಂದ ಅಂಚಿಗೆ ಕಾಣುತ್ತದೆ. ಬೇಸಿಗೆಯಲ್ಲೂ ಸ್ವೆಟರ್ ಮರೆಯಬೇಡಿ.